‘ಸಾಕು’ ರೊಟ್ಟಿ ಸಂಘದ ಮಾವಶಿ

ಮಾವಶಿಯ ಬಲಗೈ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಇರಲಿಲ್ಲ. ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ತಿರುವಿ ಬೆರಳ ತುದಿಗಳೆಲ್ಲ ಹೊಳೆಯ ಕಲ್ಲಿನಂತೆ ನುಣ್ಣಗಾಗಿದ್ದವು. ಅವರು ಕೆನ್ನೆ ಸವರಿದರೆ ಗಾಜಿನ ಲೋಟ ತಾಗಿದ ಹಾಗಾಗುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ನನ್ನ ಕೆನ್ನೆಯನ್ನು ಅವರು ಎಂದೂ ಸವರಲಿಲ್ಲ. ಒಮ್ಮೆ ಬಾರಿಸುವುದೊಂದು ಬಾಕಿ ಇತ್ತು, ಅದನ್ನು ಮುಂದೆ ಹೇಳುತ್ತೇನೆ.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವರು ನನಗೆ ಸಂಬಂಧಿಕರಲ್ಲ. ಮಿರಜಿನಲ್ಲಿ ದವಾಖಾನೆಯ ಹಿಂದಿನ ಓಣಿಗೆಲ್ಲ ಅವರು ಮಾವಶಿ. ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಹಾಲಿನವನಿಗೂ ಮಾವಶಿಯೇ. ಕಾಲು ಮುರಿದುಕೊಂಡ ಅತ್ತೆಯನ್ನು ಕರೆದುಕೊಂಡು ವಿಜಾಪುರದ ಕಡೆಯಿಂದ ಬಂದವರು ಇಲ್ಲೇ ಉಳಿದರು. ದವಾಖಾನೆಯ ಬ್ರೆಡ್ಡು ಕಂಡು ಆ ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದಳಂತೆ. ಮಾವಶಿ ಬಯಲಲ್ಲಿ ಮೂರು ಕಲ್ಲಿಟ್ಟು ಕಟಕ ರೊಟ್ಟಿ ಮಾಡಿದರು. ಕಟಕ ರೊಟ್ಟಿ ಎಂದರೆ ಕಾಗದದಷ್ಟು ತೆಳುವಾಗಿ ಬಡಿದು, ಬೇಯಿಸಿ, ಗರಿಗರಿಯಾಗುವವರೆಗೆ ಒಣಗಿಸಿದ್ದು, ತಿಂಗಳಿಟ್ಟರೂ ಕೆಡದು. ಮುದುಕಿ ಅಗಿಯುವ ಸದ್ದಿಗೆ ಪಕ್ಕದ ಮಂಚದವರು ಎದ್ದು ಕುಳಿತರು. ಅವರೂ ನಮ್ಮ ಕಡೆಯವರೇ. ಆಮೇಲೆ ಆಚೆಯ ಮಂಚ, ಅದರಾಚೆಯ ಮಂಚ.

“ನಮ್ಮತ್ತಿ ಕಟಂಕಟಂ ಅಂತ ಕಡದಿದ್ದ ನನ್ನ ಜಾಹೀರಾತರಿ. ಬ್ಯಾರೆ ಬೋರ್ಡ್ ಹಚ್ಚಲಿಲ್ಲ,” ಎನ್ನುತ್ತಿದ್ದರು.

ನಾನು ಅಲ್ಲಿಗೆ ಹೋಗಿ ಸೇರಿದ್ದು ನನ್ನ ಪ್ರತಾಪದಿಂದೇನಲ್ಲ. ಕುಪವಾಡದ ಒಂದು ಸಣ್ಣ ಫೌಂಡ್ರಿಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಮಾಲೀಕರು ಒಂದೇ ವರ್ಷದಲ್ಲಿ ಮೂರು ಭಟ್ಟಿ ಕಟ್ಟಿಸಿದರು. ಮರುವರ್ಷ ಮೂರಕ್ಕೂ ಬೀಗ ಬಿತ್ತು. ಇದರಿಂದ ನಾನು ಕಲಿತದ್ದು ಏನೂ ಇಲ್ಲ. ನನ್ನ ಹೆಂಡತಿ ಆಗಲೇ ಮಾವಶಿಯ ಎರಡನೆಯ ಒಲೆಯ ಮುಂದೆ ಕುಳಿತಿದ್ದಳು. ಮನೆಯಲ್ಲಿ ಸುಮ್ಮನೆ ಕುಳಿತ ಗಂಡನಿಗೆ ಮರಾಠಿ ಚೆನ್ನಾಗಿ ಬರೆಯಲು ಬರುತ್ತದೆ ಎಂದು ಅವಳೇ ಶಿಫಾರಸು ಮಾಡಿದಳು. ಮಾವಶಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬರ್ರಿ ಸೆಕ್ರೆಟರಿ ಸಾಹೇಬ್ರ, ಕುಂದ್ರಿ,” ಎಂದರು. ಕೂರಲು ತೋರಿಸಿದ್ದು ಜೋಳದ ಚೀಲ.

ಆಗ ಸಾಂಗ್ಲಿ, ಮಿರಜಿನ ಕಡೆ ಎಲ್ಲಕ್ಕೂ ಸಹಕಾರಿ ಸಂಘ. ಹಾಲಿಗೆ, ಕಬ್ಬಿಗೆ, ದ್ರಾಕ್ಷಿಗೆ, ನೂಲಿಗೆ. ನಾಲ್ಕು ಜನ ಚಹಾದಂಗಡಿಯಲ್ಲಿ ಕುಳಿತರೆ ಏಳುವಷ್ಟರಲ್ಲಿ ಒಬ್ಬ ಚೇರಮನ್ ಆಗಿರುತ್ತಿದ್ದ. ರೊಟ್ಟಿಗೇಕೆ ಸಂಘ ಬೇಡ ಎಂದು ನಾನೇ ಹುರಿದುಂಬಿಸಿ, ಮಾವಶಿಯನ್ನು ಸಾಂಗ್ಲಿಯ ಕಚೇರಿಗೆ ಕರೆದೊಯ್ದೆ. ಗುಮಾಸ್ತ ಸಜ್ಜನ. ನಮಗೆ ಚಹಾ ತರಿಸಿ, ಅರ್ಜಿ ಮುಂದಿಟ್ಟುಕೊಂಡು, ತಲೆ ಎತ್ತದೆ, “ಸಂಸ್ಥೇಚ ನಾವ?” ಎಂದು ಸಂಘದ ಹೆಸರು ಕೇಳಿದ. ಅದೇ ಹೊತ್ತಿಗೆ ಚಹಾದವನು ಮಾವಶಿಯ ಬಸಿ ತಟ್ಟೆ ತುಂಬಿ ಚೆಲ್ಲುವಂತೆ ಸುರಿಯುತ್ತಿದ್ದ. ಮಾವಶಿ, “ಸಾಕು, ಸಾಕು,” ಎಂದರು. ಗುಮಾಸ್ತ ಒಂದು ಸಾಕನ್ನು ಬರೆದುಕೊಂಡ. ಮರಾಠಿಯಲ್ಲಿ ಸಾಕು ಎಂದರೆ ಸಖೂಬಾಯಿಯನ್ನು ಮುದ್ದಿನಿಂದ ಕರೆದ ಹಾಗೆ. ಅವನಿಗೆ ಅನುಮಾನವೇ ಬರಲಿಲ್ಲ.

ಆಮೇಲೆ ಹೆಬ್ಬೆಟ್ಟು. ಮಸಿ ಹಚ್ಚಿ ಒತ್ತಿದರೆ ಕಾಗದದ ಮೇಲೆ ನೇರಳೆ ಹಣ್ಣು ಬಿದ್ದಂತಹ ಕಲೆ. ಇನ್ನೊಮ್ಮೆ ಒತ್ತಿದ, ಇನ್ನೊಂದು ಹಣ್ಣು. “ರೇಘಾ ಕುಠಾಯ್ತ?” ಗೆರೆ ಎಲ್ಲಿವೆ ಎಂದು ಗಾಬರಿಯಿಂದ ಕೇಳಿದ.

“ರೊಟ್ಟಿ ಮ್ಯಾಲ ಇದ್ದೂರಿ,” ಎಂದರು ಮಾವಶಿ. “ಮಿರಜಿ ಮಂದಿ ಹೊಟ್ಟ್ಯಾಗ ಹೋಗ್ಯಾವ.”

ನಾನು ಅದನ್ನು ಮರಾಠಿಗೆ ತಿರುಗಿಸಿದೆ. ಅವನು ನಕ್ಕು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡ. ಅಲ್ಲಿ ಎರಡು ಗೆರೆ ಉಳಿದಿದ್ದವು. ತಿಂಗಳ ಮೇಲೆ ಪತ್ರ ಬಂದಾಗ ನಾವು ‘ಸಾಕು ಮಹಿಳಾ ರೊಟ್ಟಿ ಸಂಘ’ ಆಗಿದ್ದೆವು. ನಾನು ತಲೆ ಚಚ್ಚಿಕೊಂಡೆ. ಮಾವಶಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ತಿದ್ದಿಸಲು ಬಿಡಲಿಲ್ಲ.

ಹೆಸರು ಅವರಿಗೆ ಒಪ್ಪುವಂತಿತ್ತು. ಒಲೆ ಹೆಚ್ಚಿಸೋಣ ಎಂದಾಗಲೆಲ್ಲ ಅವರ ಉತ್ತರ ಸಾಕು ಎಂದೇ. ಹೊಸ ಒಲೆಗೆ ಅವರದೊಂದು ಪದ್ಧತಿ ಇತ್ತು. ಹೊಸದಾಗಿ ಬಂದ ಹೆಂಗಸಿನ ರೊಟ್ಟಿಯನ್ನು ಉಳಿದವುಗಳ ನಡುವೆ ಸೇರಿಸಿ ಅತ್ತೆಯ ಮುಂದಿಡುವುದು. ಮುದುಕಿಗೆ ಕಣ್ಣು ಮಂಜಾಗಿತ್ತು, ಹಲ್ಲು ಒಂದೊಂದಾಗಿ ಹೋಗಿದ್ದವು, ಕಿವಿ ಮಾತ್ರ ಪೊಲೀಸಿನವರದು. ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದಳು. “ಇದು ಯಾರ ಕೈದು?” ಎಂದು ಕೇಳಿದರೆ ನಪಾಸು. ಸೊಸೆಯದೇ ಎಂದುಕೊಂಡು ಸುಮ್ಮನಾದರೆ ಪಾಸು. ಮರುದಿನ ಒಂದು ಒಲೆ ಹೆಚ್ಚುತ್ತಿತ್ತು. ನನ್ನ ಹೆಂಡತಿ ಐದು ತಿಂಗಳು ನಪಾಸಾಗಿದ್ದಳು. ಹೀಗೆ ಆರು ವರ್ಷದಲ್ಲಿ ಐದು ಒಲೆ. ಎದುರಿನ ಓಣಿಯಲ್ಲಿ ಹಪ್ಪಳದ ಸಂಘವೊಂದು ಆರು ತಿಂಗಳಲ್ಲಿ ನಲವತ್ತು ಜನರನ್ನು ಸೇರಿಸಿದಾಗ ನನಗೆ ಹೊಟ್ಟೆ ಉರಿಯಿತು.

ಮಾವಶಿ ಅತ್ತೆಯನ್ನು ಕರೆದುಕೊಂಡು ಎಂಟು ದಿನ ಊರಿನ ಮದುವೆಗೆ ಹೋದದ್ದು ಆಗಲೇ. ಅದೇ ವಾರ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯ ಕ್ಯಾಂಟೀನ್ ಮ್ಯಾನೇಜರ್ ಬಂದ. ವಾರ್ಷಿಕ ಸಭೆಯ ಊಟಕ್ಕೆ ಐದು ಸಾವಿರ ರೊಟ್ಟಿ ಬೇಕಂತೆ. ನನ್ನ ಬಾಯಿಂದ ಹೂಂ ಎನ್ನುವುದು ಹೇಗೆ ಬಂತೋ. ಹೆಂಡತಿ ಬೇಡವೆಂದಳು, ಅವಳ ಮಾತು ಕೇಳುವವನಾಗಿದ್ದರೆ ನಾನು ಸೆಕ್ರೆಟರಿ ಏಕೆ ಆಗುತ್ತಿದ್ದೆ? ಸಾಂಗ್ಲಿವಾಡಿಯಿಂದ ಹನ್ನೆರಡು ಹೆಂಗಸರನ್ನು ಕರೆತಂದು ವಿಶ್ರಾಮಬಾಗದ ಒಂದು ಖಾಲಿ ಗೋದಾಮಿನಲ್ಲಿ ಕೂರಿಸಿದೆ. ಅವರ ಕೈ ಬಂಗಾರದಂಥದು, ಆದರೆ ಭಾಕರಿಯ ಕೈ. ಭಾಕರಿ ಎಂದರೆ ಮರಾಠಿ ಕಡೆಯ ಜೋಳದ ರೊಟ್ಟಿ, ದಪ್ಪ, ಮೆತ್ತಗೆ, ಹಂಚಿನಿಂದ ನೇರ ತಾಟಿಗೆ ಬೀಳಬೇಕಾದದ್ದು. ನಾನು ಅದನ್ನು ಬಿಸಿ ಇರುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಫೌಂಡ್ರಿಯ ಅಚ್ಚುಗಳ ಹಾಗೆ ಸಾಲಾಗಿ ಪೇರಿಸಿದೆ.

ಸಭೆಯ ಹಿಂದಿನ ದಿನ ಮಧ್ಯಾಹ್ನ ಮಾವಶಿ ಬಂದರು. ಒಂದು ಕಟ್ಟು ಬಿಚ್ಚಿ, ರೊಟ್ಟಿಯನ್ನು ಕಿವಿಗೆ ಹಿಡಿದು ಮುರಿದರು. ಅದು ಒದ್ದೆ ಪಂಚೆಯಂತೆ ಮಡಚಿಕೊಂಡಿತು. ಅಂಚಿನಲ್ಲಿ ಬೂಷ್ಟು.

“ಸೆಕ್ರೆಟರಿ ಸಾಹೇಬ್ರ, ಇದು ಮಾತಾಡವಲ್ದು.”

ಒಳ್ಳೆಯದನ್ನು ಆರಿಸಿ ಬಿಸಿ ಪಲ್ಯದ ಜೊತೆ ಬಡಿಸಿದರೆ ಹಸಿದವರಿಗೆ ಗೊತ್ತಾಗುವುದಿಲ್ಲ ಎಂದೆ. ಮಾವಶಿಯ ಕೈ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ. ಕೈ ಹೋಗಿ ಸೆರಗು ಸರಿಮಾಡಿಕೊಂಡಿತು.

“ಅವ್ರಿಗೆ ಗೊತ್ತಾಗಂಗಿಲ್ಲ. ನನಗ ಗೊತ್ತಾಗತೈತಿ,” ಎಂದರು. “ಐದು ಮನಿ ಒಲಿ ಈ ಹೆಸರಿನ ಮ್ಯಾಲ ಉರೀತಾವ. ನಿಮ್ಮನಿದೂ ಹಿಡದು.”

ನನಗೆ ಕುಪವಾಡದ ಮೂರು ಬೀಗಗಳು ನೆನಪಾದವು. ಅಷ್ಟು ನಾಚಿಕೆ ನನಗೆ ಹಿಂದೆಯೂ ಆಗಿಲ್ಲ, ಮುಂದೆಯೂ ಆಗಲಿಲ್ಲ.

ನಮ್ಮ ಐವರು ಮಾಡಿಟ್ಟ ನಿಜವಾದ ಕಟಕ ರೊಟ್ಟಿ ಸಾವಿರದಷ್ಟಿತ್ತು. ಮರುದಿನ ಅಷ್ಟನ್ನೇ ಟೆಂಪೋದಲ್ಲಿ ಹೇರಿಕೊಂಡು ಹೋದೆವು. ಮಾವಶಿ ಮ್ಯಾನೇಜರನ ಮುಂದೆ ನಿಂತು, ಇರುವುದು ಇಷ್ಟೇ, ಒಬ್ಬೊಬ್ಬರಿಗೆ ಅರ್ಧ ಬಡಿಸಿ, ಉಳಿದದ್ದಕ್ಕೆ ಅನ್ನ ಮಾಡಿಸಿ, ತಪ್ಪು ನಮ್ಮದು ಎಂದು ತಮ್ಮ ಮರಾಠಿಯಲ್ಲಿ ಹೇಳಿದರು. ಯಾರ ತಪ್ಪು ಎಂದು ಹೇಳಲಿಲ್ಲ. ಇನ್ನು ಈ ಗೇಟಿನೊಳಗೆ ಕಾಲಿಡಬೇಡಿ ಎಂದ ಆತ.

ಊಟವಾಗಿ ಸಭೆ ಶುರುವಾಯಿತು. ಚೇರಮನ್ನರು ವರದಿ ಓದಿ, ಪದ್ಧತಿಯಂತೆ, ಪ್ರಶ್ನೆಗಳಿವೆಯೇ ಎಂದು ಕೇಳಿದರು. ಎಂದೂ ಯಾರೂ ಏಳುತ್ತಿರಲಿಲ್ಲವಂತೆ. ಆ ವರ್ಷ ಒಬ್ಬ ಮುದುಕ ಎದ್ದು ನಿಂತು, ಆ ಕುರುಕುಲು ರೊಟ್ಟಿ ಅರ್ಧವೇ ಏಕೆ ಎಂದು ಕೇಳಿದ. ಅವನ ಹಿಂದೆ ಮೂವತ್ತು ಜನ ಎದ್ದರು. ವಾರದೊಳಗೆ ಸದಸ್ಯರು ಸೈಕಲ್ಲೇರಿ ನಮ್ಮ ಓಣಿ ಹುಡುಕಿಕೊಂಡು ಬರತೊಡಗಿದರು, ಹಿಂದೆಯೇ ಮ್ಯಾನೇಜರನೂ ಬಂದ. “ಹೊಟ್ಟಿ ತುಂಬಿಸಿದವ್ರನ್ನ ಮರೀತಾರ, ಅರ್ಧಕ್ಕ ಬಿಟ್ಟವ್ರನ್ನ ಮರಿಯಂಗಿಲ್ಲ,” ಎಂದರು ಮಾವಶಿ. ಆದರೂ ಅವನಿಗೆ ಆ ವರ್ಷ ಒಂದು ಕಟ್ಟೂ ಹೆಚ್ಚು ಕೊಡಲಿಲ್ಲ.

ಬೂಷ್ಟು ಹಿಡಿದದ್ದನ್ನು ಮಣ್ಣಿಗೆ ಹಾಕಿದೆವು. ಚೆನ್ನಾಗಿದ್ದ ಮೆತ್ತನೆಯ ರೊಟ್ಟಿಗಳನ್ನು ಹಾಲಿನವನ ಎಮ್ಮೆಗೆ ದಿನಾ ನಾನೇ ತಿನ್ನಿಸಬೇಕೆಂದು ಶಿಕ್ಷೆಯಾಯಿತು. ನಾಲ್ಕನೆಯ ದಿನ ಎಮ್ಮೆಯೂ ಗೋಡೆಗೆ ಮುಖ ತಿರುಗಿಸಿತು.

“ನೋಡ್ರಿ, ಎಮ್ಮಿ ಸಾಕು ಅಂತೈತಿ,” ಎಂದು ಮಾವಶಿ ಪಕ್ಕಕ್ಕೆ ಬಂದು ನಿಂತರು. “ಉಣ್ಣೂದು ಮುಗದ್ರೂ ಸಾಕು ಅಂತೀವಿ. ಎಮ್ಮಿ ಸಾಕು, ಕೂಸು ಸಾಕು ಅಂತನೂ ಅಂತೀವಿ. ಎರಡಕ್ಕೂ ಒಂದ ಮಾತು ಇಟ್ಟಾರ ನೋಡ್ರಿ ನಮ್ಮ ಹಿರ್ಯಾರು. ಆ ಗುಮಾಸ್ತ ಶಾಣ್ಯಾ ಇದ್ದ.”

ಸಾಂಗ್ಲಿವಾಡಿಯ ಹನ್ನೆರಡು ಜನರಲ್ಲಿ ಒಬ್ಬಳು ಕಲಿಯುತ್ತೇನೆಂದು ಉಳಿದಳು. ಎಂಟು ತಿಂಗಳು ನಪಾಸಾಗಿ ಪಾಸಾದಳು. ಆರನೆಯ ಒಲೆ ಅವಳದು. ಅತ್ತೆ ತೀರಿಕೊಂಡ ಮೇಲೆ ಕಿವಿಯ ಕೆಲಸ ಮಾವಶಿಗೇ ಬಂತು. ಎದುರಿನ ಹಪ್ಪಳದ ಸಂಘದ ಬೋರ್ಡನ್ನು ಯಾರೋ ಕೋಳಿಗೂಡಿಗೆ ಬಾಗಿಲು ಮಾಡಿಕೊಂಡಿದ್ದರು. ನಾವು ಇದ್ದೆವು.

ಎಷ್ಟೋ ವರ್ಷಗಳ ಮೇಲೆ ಮಾವಶಿಯನ್ನು ಅದೇ ದವಾಖಾನೆಗೆ ಸೇರಿಸಿದೆವು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದ ನರ್ಸಬಾಯಿ ಮೂರು ಸಲ ಒತ್ತಿ, “ರೇಘಾ ಕುಠಾಯ್ತ?” ಎಂದಳು. ಮಾವಶಿ ಹಳೆಯ ಉತ್ತರವನ್ನೇ ಕೊಟ್ಟರು, ದನಿ ಮಾತ್ರ ಸಣ್ಣದಾಗಿತ್ತು. ನಾನು ಈ ಸಲ ಅದನ್ನು ಮರಾಠಿಗೆ ತಿರುಗಿಸದೆ, ಅವರ ಎಡಗೈ ಎತ್ತಿ ನರ್ಸಬಾಯಿಯ ಮುಂದಿಟ್ಟೆ.

ಸಾಂಗ್ಲಿವಾಡಿಯವಳ ಸೊಸೆ ಆಗ ಹೊಸದಾಗಿ ಕೈ ಕಲಿಯುತ್ತಿದ್ದಳು. ಕನ್ನಡ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ನನ್ನ ಹೆಂಡತಿ ಅವಳ ರೊಟ್ಟಿಯೊಂದನ್ನು ತಂದು, ಯಾರದೆಂದು ಹೇಳದೆ ಮಾವಶಿಯ ಕೈಗಿಟ್ಟಳು. ಅವರು ಮಲಗಿದಲ್ಲೇ ಅದನ್ನು ಕಿವಿಗೆ ಹಿಡಿದು ಮುರಿದರು. ಯಾರ ಕೈದು ಎಂದು ಕೇಳಲಿಲ್ಲ. ನಮ್ಮನ್ನೇ ನೋಡಿ, “ನನ್ನ ರೊಟ್ಟಿ ನನಗ ತಂದೀರೇನು,” ಎಂದರು.

ಆ ಹುಡುಗಿ ಬಾಗಿಲ ಬಳಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಮಾವಶಿ ಹೋದದ್ದು ಎರಡು ದಿನಗಳ ಮೇಲೆ. ಆ ಹುಡುಗಿಯ ಏಳನೆಯ ಒಲೆಯನ್ನು ಅವರ ಪದ್ಧತಿಯಂತೆ ರೊಟ್ಟಿ ಮುರಿದ ಮರುದಿನವೇ ಹಚ್ಚಿಯಾಗಿತ್ತು.