ದೊಡ್ಡಕ್ಕ ಸಹಿ ಹಾಕದ ಕಾಗದ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ವರ್ಷ, ಇಪ್ಪತ್ತೇಳರ ಹರೆಯದಲ್ಲಿ, ಮೂರು ತಿಂಗಳ ಮಟ್ಟಿಗೆ ಎಂದು ಸೇರಿದವಳು ಇಪ್ಪತ್ತಮೂರು ವರ್ಷವಾದರೂ ಅಲ್ಲೇ ಇದ್ದಳು. ಒಗೆಯುವ ಸೋಡಾದ ನೀರಿಗೆ ಬೆರಳ ತುದಿ ಸುಲಿದಿತ್ತು. ಒದ್ದೆ ಹಾಸುಗಳನ್ನು ಎತ್ತಿ ಎತ್ತಿ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತಿತ್ತು. ನಾಲಗೆ ಮಾತ್ರ ಸವೆದಿರಲಿಲ್ಲ. ಆಪರೇಷನ್ ಕೋಣೆಯ ಹಾಸಿನಲ್ಲಿ ಕಲೆ ಉಳಿದರೆ ಅದನ್ನು ಮೇಸ್ತ್ರಿಯ ಮೂಗಿನ ಮುಂದೆ ಹಿಡಿದು, ನಿಮ್ಮಪ್ಪನನ್ನು ಇದರ ಮೇಲೆ ಮಲಗಿಸುತ್ತೀರಾ ಎಂದು ಕೇಳುವವಳು.

ಅಂಥವಳೂ ವರ್ಷಕ್ಕೊಮ್ಮೆ ಮೇಸ್ತ್ರಿ ತರುತ್ತಿದ್ದ ಕಾಗದಕ್ಕೆ ಎಲ್ಲರ ಹಾಗೆ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದಳು. ಮಾಮೂಲು ಕಾಗದ, ಗುತ್ತಿಗೆದಾರರು ಕೇಳುತ್ತಾರೆ ಎನ್ನುತ್ತಿದ್ದ ಅವನು. ಕೈ ಒದ್ದೆ, ಹಿಂದೆ ಯಂತ್ರದ ಗದ್ದಲ. ಓದುತ್ತಾ ನಿಲ್ಲಲು ಯಾರಿಗೆ ಪುರುಸೊತ್ತು?

ಅದು ಮಾಮೂಲಲ್ಲ ಎಂದು ತಿಳಿದದ್ದು ಬಾಯ್ಲರ್ ಅಣ್ಣನಿಂದ. ಬಾಯ್ಲರ್ ನೋಡಿಕೊಳ್ಳುತ್ತಲೇ ಅರವತ್ತು ತುಂಬಿಸಿದ ಅವನು ಪಿಂಚಣಿ ಕೇಳಲು ಕಚೇರಿಗೆ ಹೋದ. ಪಿಂಚಣಿಗೆ ಸತತ ಹತ್ತು ವರ್ಷದ ಕೆಲಸ ಬೇಕು, ನೀವು ಪ್ರತಿ ವರ್ಷ ನೀವಾಗಿಯೇ ಬಿಟ್ಟು ಮತ್ತೆ ಹೊಸಬರಾಗಿ ಸೇರಿದ್ದೀರಿ ಎಂದು ಗುಮಾಸ್ತ ಫೈಲು ತೋರಿಸಿದನಂತೆ. ಒಂದೊಂದು ರಾಜೀನಾಮೆಯ ಕೆಳಗೂ ಬಾಯ್ಲರ್ ಅಣ್ಣನದೇ ಹೆಬ್ಬೆಟ್ಟು. ಮರುವಾರ ಅವನು ಅದೇ ಆಸ್ಪತ್ರೆಯ ಗೇಟಿನಲ್ಲಿ ಸೈಕಲ್ ಕಾಯಲು ಕೂತ. ದೊಡ್ಡಕ್ಕ ಎದುರಾದಾಗ ತಪ್ಪು ಮಾಡಿದವನ ಹಾಗೆ ಮುಖ ತಿರುಗಿಸಿದ.

ಅಂದು ರಾತ್ರಿ ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಆಗ ಅವಳಿಗೆ ಐವತ್ತು. ಇನ್ನು ಮುಂದೆ ಒಂದು ವರ್ಷವೂ ಮುರಿಯದಿದ್ದರೆ ಅರವತ್ತಕ್ಕೆ ಸರಿಯಾಗಿ ಹತ್ತಾಗುತ್ತದೆ. ಇನ್ನೊಂದೇ ಒಂದು ಸಹಿ ಬಿದ್ದರೆ ಅದೂ ಕೈತಪ್ಪುತ್ತದೆ.

ಆ ಸಲ ಮೇಸ್ತ್ರಿ ಕಾಗದ ಚಾಚಿದಾಗ ಅವಳು ಕೈ ಒರೆಸಿಕೊಂಡು, ಇಸ್ತ್ರಿ ಮೇಜಿನ ದೀಪದ ಕೆಳಗೆ ಹೋಗಿ, ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ‘ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎಂಬಲ್ಲಿಗೆ ಬರುವಾಗ ಯಾರೋ ಯಂತ್ರ ನಿಲ್ಲಿಸಿದ್ದರು.

“ನಾನು ಬಿಡ್ತಾ ಇಲ್ವಲ್ಲ ಮೇಸ್ತ್ರಿ,” ಎಂದಳು. “ಇದಕ್ಕೆ ನಾನ್ಯಾಕೆ ಸಹಿ ಹಾಕ್ಲಿ?”

“ಹಾಕ್ದಿದ್ರೆ ನಾಳೆ ಗೇಟಲ್ಲಿ ಒಳಗೆ ಬಿಡಲ್ಲ.”

“ಹಂಗಾದ್ರೆ ನೀವು ತೆಗೆದಿರಿ ಅಂತ ಬರ್ಕೊಡಿ. ನಾನೇ ಬಿಟ್ಟೆ ಅಂತ ಮಾತ್ರ ಬರಿಯಲ್ಲ.”

ಅವಳೂ ತಂಗಿಯೂ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ್ದರು. ಈ ವಯಸ್ಸಿನಲ್ಲಿ ಯಾವ ಸೀಮೆಯ ಹಠ, ಹತ್ತು ವರ್ಷದ ಮಾತಿಗೆ ಈ ತಿಂಗಳ ಅನ್ನ ಕಳೆದುಕೊಳ್ಳುತ್ತೀಯಾ ಎಂದು ತಂಗಿ ಅತ್ತಳು. ದೊಡ್ಡಕ್ಕನಿಗೂ ಭಯವಿಲ್ಲದೆ ಇರಲಿಲ್ಲ. ಆದರೂ ಮರುದಿನ ಸಮವಸ್ತ್ರ ತೊಟ್ಟು ಗೇಟಿಗೆ ಹೋದಳು. ಒಳಗೆ ಬಿಡಲಿಲ್ಲ. ಅಲ್ಲೇ ಬೆಂಚಿನ ಮೇಲೆ ಎಂಟರಿಂದ ನಾಲ್ಕರವರೆಗೆ ಪಾಳಿ ಮುಗಿಸುವಂತೆ ಕೂತು ಎದ್ದುಬಂದಳು. ಹಾಗೆ ಹನ್ನೊಂದು ದಿನ. ಮೂರನೆಯ ದಿನ ಬಾಯ್ಲರ್ ಅಣ್ಣ ತನ್ನ ಸ್ಟೂಲನ್ನು ಬೆಂಚಿನ ಪಕ್ಕಕ್ಕೆ ಎಳೆದುಕೊಂಡ.

ಒಳಗೆ ಮೊದಲು ಇಬ್ಬರು, ಆಮೇಲೆ ಏಳು ಮಂದಿ ಕಾಗದ ವಾಪಸು ಕೊಟ್ಟರು. ಅವರನ್ನೂ ಹೊರಗೆ ಹಾಕಿದ್ದೇ ತಡ, ಕೊಳೆ ಹಾಸುಗಳು ಬೆಟ್ಟದಷ್ಟು ಬಿದ್ದವು. ಕೊನೆಗೆ ಆಪರೇಷನ್ ಕೋಣೆಗೆ ಒಗೆದ ಹಾಸಿಲ್ಲದೆ, ಮುಖ್ಯ ನರ್ಸಮ್ಮನೇ ನೆಲಮಾಳಿಗೆಗೆ ಇಳಿದು ಬಂದು ಮೇಸ್ತ್ರಿಯ ನೀರಿಳಿಸಿದಳು. ಹನ್ನೆರಡನೆಯ ಬೆಳಿಗ್ಗೆ ಎಲ್ಲರಿಗೂ ಗೇಟು ತೆರೆಯಿತು. ಕಾಗದದ ಸುದ್ದಿ ಯಾರೂ ಎತ್ತಲಿಲ್ಲ.

ಎತ್ತಲಿಲ್ಲ ಎಂದರೆ ಆ ವರ್ಷ. ಆಮೇಲೆ ಗುತ್ತಿಗೆದಾರರು ಮೂರು ಸಲ ಬದಲಾದರು. ಪ್ರತಿಯೊಬ್ಬನೂ ಬೇರೆ ಬಣ್ಣದ ಕಾಗದದಲ್ಲಿ ಅದನ್ನೇ ತಂದ. ದೊಡ್ಡಕ್ಕ ಪ್ರತಿ ಸಲ ಎಲ್ಲರೆದುರು ಓದಿ, ಮಡಚಿ, ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟಳು. ಅವಳನ್ನು ಬಿಸಿನೀರಿನ ತೊಟ್ಟಿಯ ಕೆಲಸಕ್ಕೆ ಹಾಕಿದರು, ಭಾನುವಾರದ ಪಾಳಿ ಕೊಟ್ಟರು. ಜಪ್ಪಯ್ಯ ಅಂದರೂ ಅವಳು ಜಗ್ಗಲಿಲ್ಲ.

ಬಾಯ್ಲರ್ ಅಣ್ಣನಿಗೆ ಮಾತ್ರ ಏನೂ ದಕ್ಕಲಿಲ್ಲ. ಅವನ ಜೊತೆ ಕಚೇರಿಗೆ ಆರು ಸಲ ಅಲೆದಳು. ಹೆಬ್ಬೆಟ್ಟು ಹೆಬ್ಬೆಟ್ಟೇ ಎಂದರು. ಆ ಸಿಟ್ಟು ಅವಳಲ್ಲಿ ಕೊನೆಯವರೆಗೂ ಆರಲಿಲ್ಲ.

ಅರವತ್ತು ತುಂಬಿ ಅವಳ ಪಿಂಚಣಿ ಮಂಜೂರಾದ ದಿನ, ಗುಮಾಸ್ತ ಪತ್ರ ಕೊಡುತ್ತಾ, ಇಷ್ಟು ಸಣ್ಣ ಪಿಂಚಣಿಗೆ ಇಷ್ಟೆಲ್ಲ ಒದ್ದಾಡಿದಿರಾ ಅಮ್ಮ ಎಂದು ನಕ್ಕ.

“ಸಣ್ಣದೇ ಸ್ವಾಮಿ,” ಎಂದಳು. “ಯಾರ ಮುಂದೆನೂ ಕೈ ಚಾಚಿ ತಗೊಂಡಿದ್ದಲ್ಲ. ನೀವು ನಗದೆ ಕೊಡಿ.”

ಅವನು ನಗು ನಿಲ್ಲಿಸಿ ಕೊಟ್ಟ. ಮರುದಿನ ಅವಳು ಎಂಟು ಗಂಟೆಯವರೆಗೂ ಮಲಗಿದ್ದಳು. ಮೈಗೆ ಹುಷಾರಿಲ್ಲವೇ ಎಂದು ತಂಗಿ ಹಣೆ ಮುಟ್ಟಿದಾಗ, ಇನ್ನೂ ಒಂದು ತಾಸು ತೊಂದರೆ ಕೊಡಬೇಡ ಎಂದು ಮಗ್ಗುಲು ಬದಲಿಸಿದಳು.