ಎಣ್ಣೆ ಹಚ್ಚಿಸಿಕೊಂಡ ಎಂಜಿನ್

ಔರಾದಿಗೆ ರೈಲಿಲ್ಲ. ಅದಕ್ಕೇ ನಮ್ಮವರು ಮೈಲೂರಿನ ಮನೆಯ ಡೈನಿಂಗ್ ಟೇಬಲ್ ಮೇಲೆ ತಮ್ಮೂರಿಗೊಂದು ಆಟಿಕೆ ರೈಲು ಹಾಕಿದರು. ಔರಾದಿನಿಂದ ಬಂದಿದ್ದ ಅವರಕ್ಕ ಬಸ್ಸಿಗೆ ಹೊರಡುವ ಮುನ್ನ ಅದನ್ನು ಓಡಿಸಿ ತೋರಿಸಬೇಕಿತ್ತು. ರಿಮೋಟಿನ ಮಾತು ಕೇಳಲೆಂದು ಎಂಜಿನ್ನಿಗೆ ಹೊಸ ಡಿಕೋಡರ್ ಕೂರಿಸಿದ್ದರು. ಬೆಳಿಗ್ಗೆ ಫಸ್ಟ್ ಕ್ಲಾಸ್ ಓಡಿದ್ದ ಎಂಜಿನ್ ಈಗ ಬಿಕ್ಕಳಿಸಿ ನಿಂತಿತು. ಡಿಕೋಡರನ್ನು ಮೂರು ಸಲ ಬಿಚ್ಚಿ ಜೋಡಿಸಿದರು, ವೆರಿ ಸೈಂಟಿಫಿಕ್ ಆಗಿ ಬೈದರು.

"ಅಕ್ಕಾ, ನೀ ಏನರೆ ಮುಟ್ಟಿದ್ಯೇನ?"

"ಹೊಸಾ ಗಾಡಿ ಅಲ್ಲೇನೋ! ಪ್ರಾರ್ಥನಾ ಮಾಡಿ ಗಾಲಿಗಿ ಎಣ್ಣಿ ಹಚ್ಚೀನಿ."

ಆ ಎಣ್ಣೆಯೇ ಹಳಿಯ ಕರೆಂಟನ್ನು ತಡೆದಿತ್ತು. "ಸಾರಿ, ಲಾರ್ಡ್" ಎಂದು ದೇವರಿಗೆ ಪಿಸುಗುಟ್ಟಿ, ಅವರಕ್ಕನ ಕಣ್ಣು ತಪ್ಪಿಸಿ ನಾನು ಸ್ಪಿರಿಟ್ ಹತ್ತಿಯಿಂದ ಗಾಲಿಗಳನ್ನು ಒರೆಸಿದೆ. ರೈಲು ಟೇಬಲ್ಲಿನ ತುದಿಯ ಔರಾದ ಮುಟ್ಟಿತು. ನಮ್ಮವರ ಕಣ್ಣು ಒದ್ದೆಯಾಯಿತು.

"ದೇವರು ಕೇಳ್ದ, ನೋಡ್ವಾ!" ಎಂದರು ಅವರಕ್ಕ.

ಕಪ್ಪಾಗಿದ್ದ ಹತ್ತಿಯನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡೆ.