ಬರಿಗಾಲಲ್ಲಿ ಕೋಟೆಗೆ

ಮೊನ್ನೆ ಮೊಮ್ಮಗಳ ಜೊತೆ ಮಡಿಕೇರಿ ಕೋಟೆಗೆ ಹೋಗಿದ್ದೆ. ಬಾಗಿಲ ಬಳಿಯ ಗಣಪತಿ ಗುಡಿಯ ಮುಂದೆ ಯಾರೋ ಈಡುಗಾಯಿ ಒಡೆದಿದ್ದರು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಚೆಲ್ಲಿದ ತೆಂಗಿನ ನೀರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಟೀಚರ್ ನೆನಪಾದರು...

ಆಗ ಕೊಡಗು ತನ್ನದೇ ಒಂದು ರಾಜ್ಯ. ಕೋಟೆಯೊಳಗೆ ಹಿಂದಿನ ಅರಸರ ಅರಮನೆಯಲ್ಲಿ ಸರ್ಕಾರದ ಕಚೇರಿಗಳಿದ್ದವು. ನಮ್ಮ ಹೆಣ್ಣುಮಕ್ಕಳ ಶಾಲೆ ಎಂಟನೇ ತರಗತಿಗೆ ಮುಗಿಯುತ್ತಿತ್ತು. ಅದು ದಾಟಿದರೆ ನಮಗೆಲ್ಲ ಮನೆಯ ಒಲೆಯೇ ಗತಿ. ನಾನು ಆ ಕೊನೆಯ ತರಗತಿಯಲ್ಲಿದ್ದೆ. "ಪೇಟೆಲೇ ಹುಟ್ಟಿ ಕೋಟೆ ನೋಡದವ್ರು, ಎಂಥ ಮಕ್ಕಳು ನೀವು" ಎಂದು ಟೀಚರ್ ಒಂದು ಶನಿವಾರ ನಮ್ಮನ್ನು ಹೊರಡಿಸಿದರು. ಸಂಪಾಜೆ ಕಡೆಯವರು, ಗಟ್ಟಿ ದನಿ, ಅದಕ್ಕಿಂತ ಗಟ್ಟಿ ನಡಿಗೆ.

ಗುಡಿಯ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದೆವು. ಆಮೇಲೆ ಮೆಟ್ಟಿಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ಕೋಟೆ ಪೂರಾ ಗಣಪತಿಯದೇ ಎಂದುಕೊಂಡಿದ್ದೆವು. ಟೀಚರೂ ನಕ್ಕು ಬರಿಗಾಲಲ್ಲೇ ಬಂದರು. ಕಲ್ಲಾನೆಗಳ ಸೊಂಡಿಲು ಸವರಿದೆವು. ಕೋಟೆಗೋಡೆಯ ಮೇಲೆ ನಡೆದು, ಕೆಳಗೆ ನಮ್ಮ ನಮ್ಮ ಮನೆಯ ಹೆಂಚು ಹುಡುಕಿದೆವು. ನಮ್ಮ ಮನೆ ಅಷ್ಟು ಚಿಕ್ಕದೆಂದು ನನಗೆ ಗೊತ್ತಾದದ್ದು ಅಂದೇ.

ಅರಮನೆಯ ಜಗಲಿ ಹತ್ತಿದಾಗ ಫಜೀತಿ ಶುರುವಾಯಿತು. ಅಹವಾಲು ಇದ್ದವರು ಗಣಪತಿಗೆ ಕಾಯಿ ಒಡೆದು ಬರಿಗಾಲಲ್ಲೇ ಕಚೇರಿಗೆ ಬರುವುದು ಆಗಿನ ರೂಢಿ. ನಮ್ಮ ಸಾಲು ಕಂಡ ಸಾಹೇಬರೊಬ್ಬರು ಹೊರಗೆ ಬಂದು, "ಎಂಥ ಅಹವಾಲು ಟೀಚರೇ? ಹೇಳಿ" ಎಂದರು. ಕೋಟೆ ನೋಡಲು ಬಂದೆವು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಟೀಚರ್ ಒಂದು ಗಳಿಗೆ ನಮ್ಮತ್ತ ತಿರುಗಿ ನೋಡಿದರು...

"ಇವ್ರಿಗೆ ಒಂಬತ್ತನೇ ಕ್ಲಾಸ್ ಬೇಕು ಸಾರ್. ಮಕ್ಕಳು ರೆಡಿ ಇದ್ದಾರೆ, ಕ್ಲಾಸ್ ಮಾತ್ರ ಇಲ್ಲ."

ಸಾಹೇಬರು ನಗಲಿಲ್ಲ. ಒಳಗೆ ಕರೆದು ಕೂರಿಸಿ ಅರ್ಜಿ ಬರೆಸಿಕೊಂಡರು. ಅದರ ಬೆನ್ನು ಹತ್ತಿ ಟೀಚರ್ ಎಷ್ಟು ಸಲ ಕೋಟೆ ಹತ್ತಿಳಿದರೋ... ಜೂನ್ ತಿಂಗಳಲ್ಲಿ ಒಂಬತ್ತನೇ ತರಗತಿ ಶುರುವಾಯಿತು. ನಾನೂ ಹೋಗಿ ಕೂತೆ. ಮುಂದೆ ನಾನೇ ಕಾಲೇಜಿನಲ್ಲಿ ಪಾಠ ಹೇಳುವಂತಾದದ್ದು ಆ ಬೆಂಚಿನಿಂದ.

ಹೊಸ ತರಗತಿಗೆ ಪಾಠ ಮಾಡಲು ಬೇರೆಯವರು ಬಂದರು. ನಮ್ಮ ಟೀಚರ್ ಬಿಡುವಿದ್ದಾಗ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದರು. ನಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಎಂದುಕೊಂಡು ನಾವು ನೆಟ್ಟಗೆ ಕೂರುತ್ತಿದ್ದೆವು. ಅವರು ಪಾಠ ಕೇಳುತ್ತಿದ್ದರು ಎಂದು ತಿಳಿಯುವ ಹೊತ್ತಿಗೆ ಅವರೇ ಇರಲಿಲ್ಲ.

ಮೊನ್ನೆ ಇದನ್ನೆಲ್ಲ ಹೇಳಿದಾಗ ಮೊಮ್ಮಗಳು ಕೇಳಿದಳು, "ಅಜ್ಜಿ, ನಿಮ್ಮ ಟೀಚರ್ ಎಷ್ಟು ಓದಿದ್ರು?"

"ಎಂಟನೇ ಕ್ಲಾಸು" ಎಂದೆ, ಹೆಮ್ಮೆಯಿಂದ.